ಒಂದು ಬಕೆಟ್ ನೀರು, ನಾಲ್ಕು ಎಂಎಲ್ ನೀಲಿ: ಸಿಓಟು ಪಾಠ ಕ್ಲಾಸಲ್ಲಿ ಹೇಗೆ ಮಾಡೋದು?

ಪ್ರಶ್ನೆ: ತಿಪಟೂರು ಕಡೆ ಒಂದು ಹಳ್ಳಿ ಹೈಸ್ಕೂಲಲ್ಲಿ ಸೈನ್ಸ್ ಟೀಚರ್ ನಾನು ಸರ್. 9 ಮತ್ತೆ 10ನೇ ಕ್ಲಾಸಿಗೆ ಹವಾಮಾನ ಬದಲಾವಣೆ ಬಗ್ಗೆ ಹೇಳ್ಬೇಕು, ಸಿಗೋದು ಎರಡು ಪೀರಿಯಡ್, ಜಾಸ್ತಿ ಅಂದ್ರೆ ಮೂರು. ಹೋದ ವರ್ಷ ಪಾಠ ಮುಗಿಸಿ ಟೆಸ್ಟ್ ಕೊಟ್ರೆ ಅರ್ಧ ಕ್ಲಾಸು "ಓಝೋನ್ ತೂತಾಗಿ ಬಿಸಿಲು ಜಾಸ್ತಿ ಒಳಗೆ ಬರ್ತಿದೆ" ಅಂತ ಬರೆದಿತ್ತು. ಒಬ್ಬ ಹುಡುಗ ಎದ್ದು ನಿಂತು "ಗಾಳೀಲಿ 0.04 ಪರ್ಸೆಂಟ್ ಇರೋ ಸಿಓಟು, ಅಂದ್ರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸು, ಇಷ್ಟೆಲ್ಲಾ ಮಾಡುತ್ತಾ ಮಿಸ್, ಅದು ಗಿಡಕ್ಕೆ ಊಟ ಅಲ್ವಾ" ಅಂದ, ನಂಗೆ ಏನು ಹೇಳ್ಬೇಕು ತೋಚ್ಲಿಲ್ಲ. ಎರಡು ಬಾಟಲಿಗೆ ಥರ್ಮಾಮೀಟರ್ ಇಟ್ಟು, ಒಂದಕ್ಕೆ ಸೋಡಾ ವಿನೆಗರ್ ಹಾಕಿ ಸಿಓಟು ತುಂಬ್ಸಿ, ಅದು ಜಾಸ್ತಿ ಬಿಸಿ ಆಗೋದನ್ನ ತೋರ್ಸೋ ಪ್ರಯೋಗ ವಿಡಿಯೋದಲ್ಲಿ ನೋಡಿದೆ, ಅದನ್ನ ಮಾಡ್ಲಾ? ಲ್ಯಾಬ್ ಅಂತ ನಮ್ಮಲ್ಲಿ ಹೆಚ್ಚೇನೂ ಇಲ್ಲ.

ಉತ್ತರ: ಮೇಡಂ, ಮೊದಲು ಆ ಬಾಟಲಿ ವಿಷಯ ಮುಗಿಸ್ಬಿಡ್ತೀನಿ. ಮಾಡ್ಬೇಡಿ. ಶಿಕ್ಷಕರ ತರಬೇತೀಲಿ ಎಷ್ಟೋ ವರ್ಷ ನಾನೇ ಅದನ್ನ ಮಾಡಿ ತೋರ್ಸಿ ಚಪ್ಪಾಳೆ ತಗೊಂಡಿದ್ದೀನಿ, ಅದಕ್ಕೇ ಈ ಮಾತು ಸ್ವಲ್ಪ ನಾಚಿಕೆಯಿಂದಲೇ ಹೇಳ್ತಿದ್ದೀನಿ. ಸಿಓಟು ತುಂಬಿದ ಬಾಟಲಿ ಒಂದೆರಡು ಡಿಗ್ರಿ ಜಾಸ್ತಿ ಬಿಸಿ ಆಗೋದು ನಿಜ, ಆದ್ರೆ ಅದಕ್ಕೆ ಮುಖ್ಯ ಕಾರಣ ಹಸಿರುಮನೆ ಪರಿಣಾಮ (ಗಾಳೀಲಿರೋ ಕೆಲವು ಅನಿಲ ನೆಲದ ಶಾಖದ ಕಿರಣ ಆಚೆ ಹೋಗದ ಹಾಗೆ ತಡೆಯೋದು) ಅಲ್ಲ. ಸಿಓಟು ಗಾಳಿಗಿಂತ ಭಾರ, ಬಾಟಲಿ ತಳದಲ್ಲಿ ಕೂತ್ಕೊಂಡು ಮೇಲಿನ ಗಾಳಿ ಜೊತೆ ಸರಿಯಾಗಿ ಬೆರೆಯಲ್ಲ, ಹಾಗಾಗಿ ಬಿಸಿ ಆಚೆ ಹೋಗೋದು ನಿಧಾನ ಆಗುತ್ತೆ, ಅಷ್ಟೇ. ಸಿಓಟು ಬದಲು ಆರ್ಗಾನ್ ತುಂಬಿ ನೋಡಿದವ್ರಿಗೂ ಅದೇ ಥರ ರಿಸಲ್ಟ್ ಬಂದಿದೆ, ಆರ್ಗಾನ್ ಹಸಿರುಮನೆ ಅನಿಲವೇ ಅಲ್ಲ. ಒಂದು ಲೀಟರ್ ಬಾಟಲಿಯೊಳಗಿನ ಗ್ಯಾಸು ಹೀರ್ಕೊಳ್ಳೋ ಶಾಖ ಎಷ್ಟು ಕಮ್ಮಿ ಅಂದ್ರೆ ನಮ್ಮ ಸ್ಕೂಲ್ ಥರ್ಮಾಮೀಟರಿಗೆ ಅದು ಕಾಣೋದೇ ಇಲ್ಲ. ಉತ್ತರ ಸರಿ, ದಾರಿ ತಪ್ಪು, ಗಣಿತದ ಮೇಷ್ಟ್ರು ಇದಕ್ಕೆ ಸೊನ್ನೆ ಕೊಡ್ತಿದ್ರು.

ಇನ್ನು ನಿಮ್ಮ ಹುಡುಗ. ಅವನ ಪ್ರಶ್ನೆ ಬಂದಿದ್ದಕ್ಕೆ ಖುಷಿ ಪಡಿ, ಪಾಠ ಅಲ್ಲಿಂದಲೇ ಶುರು ಮಾಡಿ. ಬೇಕಾಗಿರೋದು ಇಷ್ಟು: ಹತ್ತು ಲೀಟರ್ ಬಕೆಟ್ ಎರಡು, ಬಿಳೀದಾದ್ರೆ ಒಳ್ಳೇದು, ಬಿಳಿ ಬಟ್ಟೆಗೆ ಹಾಕೋ ನೀಲಿ ಒಂದು ಬಾಟಲಿ, ಮೆಡಿಕಲ್ ಶಾಪಿಂದ ಸೂಜಿ ಇಲ್ಲದ 5 ಎಂಎಲ್ ಸಿರಿಂಜು. ಹತ್ತು ಲೀಟರ್ ಅಂದ್ರೆ 10,000 ಎಂಎಲ್, ಅದರಲ್ಲಿ 0.04 ಪರ್ಸೆಂಟ್ ಎಷ್ಟು ಅಂತ ಅವನ ಕೈಲೇ ಬೋರ್ಡ್ ಮೇಲೆ ಲೆಕ್ಕ ಮಾಡ್ಸಿ, 4 ಎಂಎಲ್ ಬರುತ್ತೆ. ಹಾಕೋಕೆ ಮುಂಚೆ "ಬಣ್ಣ ಬರುತ್ತಾ ಇಲ್ವಾ, ಕೈ ಎತ್ತಿ" ಅಂತ ಕೇಳಿ. ಮನೇಲಿ ಬಟ್ಟೆ ಒಗೆದು ಗೊತ್ತಿರೋ ಮಕ್ಕಳು ನಗ್ತಾರೆ, ಅವ್ರಿಗೆ ಉತ್ತರ ಗೊತ್ತು. ಒಂದು ಬಕೆಟ್ಟಿಗೆ 2.8 ಎಂಎಲ್ ಹಾಕಿ, ಇನ್ನೊಂದಕ್ಕೆ 4.25. ಮೊದಲನೇದು 280 ಪಿಪಿಎಂ, ಅಂದ್ರೆ ಕಲ್ಲಿದ್ದಲು ಎಂಜಿನ್ನು ಕಾರ್ಖಾನೆ ಎಲ್ಲಾ ಬರೋಕೆ ಮುಂಚಿನ ಗಾಳಿ. ಎರಡನೇದು 425, ಹೆಚ್ಚುಕಮ್ಮಿ ಈಗಿನದು. ಪಿಪಿಎಂ ಅಂದ್ರೆ ಹತ್ತು ಲಕ್ಷದಲ್ಲಿ ಇಷ್ಟು ಅಂತ, ಆ ಪದಕ್ಕೆ ಹೆದರೋ ಮಕ್ಕಳಿಗೆ ಬಕೆಟ್ ನೋಡಿದ ಮೇಲೆ ಹೆದ್ರಿಕೆ ಹೋಗುತ್ತೆ.

ಬಕೆಟಲ್ಲಿ 99.96 ಪರ್ಸೆಂಟ್ ನೀರೇ ಇದೆ, ಆದ್ರೆ ನೀರಿಗೆ ಬಣ್ಣ ಇಲ್ಲ, ಕಣ್ಣಿಗೆ ಕಾಣ್ತಿರೋ ನೀಲಿ ಪೂರ್ತಿ ಆ ನಾಲ್ಕು ಎಂಎಲ್‌ದು. ಗಾಳೀಲೂ ಹಂಗೇ. ನೈಟ್ರೋಜನ್, ಆಕ್ಸಿಜನ್ ಎರಡೂ ಸೇರಿ 99 ಪರ್ಸೆಂಟ್, ಆದ್ರೆ ನೆಲದಿಂದ ಮೇಲೆ ಹೋಗೋ ಶಾಖದ ಕಿರಣಕ್ಕೆ ಅವೆರಡೂ ಕಿಟಕಿ ಗಾಜು ಬೆಳಕನ್ನ ಬಿಡೋ ಥರ, ಸುಮ್ನೆ ಬಿಟ್ಬಿಡುತ್ವೆ. ತಡೆಯೋದು ನೀರಾವಿ, ಸಿಓಟು, ಮೀಥೇನ್ ಅಂಥವು. ಒಂದು ಎಚ್ಚರಿಕೆ, ಈ ಬಕೆಟ್ಟು "ಸ್ವಲ್ಪ ಇದ್ರೂ ಕೆಲಸ ಮಾಡಬಹುದು" ಅನ್ನೋದಕ್ಕೆ ಮಾತ್ರ ಹೋಲಿಕೆ. "ನೀಲಿ ಒಂದೂವರೆ ಪಟ್ಟು ಆಯ್ತು, ಹಂಗಾದ್ರೆ ಬಿಸೀನೂ ಒಂದೂವರೆ ಪಟ್ಟಾ" ಅಂತ ಒಬ್ರಾದ್ರೂ ಕೇಳ್ತಾರೆ. ಇಲ್ಲ. ಈಗಾಗ್ಲೇ ಕಡು ಆಗಿರೋ ನೀರಿಗೆ ಮತ್ತೆ ನೀಲಿ ಹಾಕಿದ್ರೆ ಮೊದಲ ಹನಿಯಷ್ಟು ವ್ಯತ್ಯಾಸ ಕಾಣಲ್ಲ ಅಲ್ವಾ, ಸಿಓಟು ಕೂಡ ಹಂಗೇ, ಪ್ರತಿ ಸಲ ಅದು ಡಬಲ್ ಆದಾಗ ಹೆಚ್ಚುಕಮ್ಮಿ ಒಂದೇ ಅಳತೆ ಬಿಸಿ ಸೇರುತ್ತೆ.

ಶಾಖದ ಕಿರಣ ಅಂದ್ರೇನು ಅಂತ ಕೇಳಿದ್ರೆ ಟೀವಿ ರಿಮೋಟ್ ತರಿಸಿ, ಬಟನ್ ಒತ್ತಿ ಅದರ ಮೂತಿ ಬರಿಗಣ್ಣಲ್ಲಿ ನೋಡಿದ್ರೆ ಏನೂ ಕಾಣಲ್ಲ, ಮೊಬೈಲ್ ಕ್ಯಾಮೆರಾದಲ್ಲಿ ನೋಡಿದ್ರೆ ಮಿಣಮಿಣ ಬೆಳಕು ಕಾಣುತ್ತೆ (ಕೆಲವು ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಕಾಣಲ್ಲ, ಸೆಲ್ಫಿ ಕ್ಯಾಮೆರಾ ಟ್ರೈ ಮಾಡಿ). ಕಣ್ಣಿಗೆ ಕಾಣದ ಬೆಳಕು ಇದೆ ಅಂತ ಒಪ್ಪಿಸೋಕೆ ಅಷ್ಟು ಸಾಕು. ರಿಮೋಟಿನ ಅವಕೆಂಪು ಕಿರಣ (ಇನ್‌ಫ್ರಾರೆಡ್) ಬೇರೆ ಅಳತೇದು, ನೆಲ ಬಿಡೋ ಶಾಖದ ಅಲೆ ಅದಕ್ಕಿಂತ ತುಂಬಾ ಉದ್ದ, ಸಿಓಟು ಹಿಡಿಯೋದು 15 ಮೈಕ್ರೋಮೀಟರ್ ಆಸುಪಾಸಿನದ್ದನ್ನ. ಇದು ಮಕ್ಕಳಿಗೆ ಬೇಡ, ನಿಮ್ಮ ತಲೇಲಿರ್ಲಿ.

ಇದಕ್ಕಿಂತ ಒಳ್ಳೇ ಪುರಾವೆ ಅವ್ರ ಮೈಗೇ ಗೊತ್ತಿದೆ. ಡಿಸೆಂಬರ್ ಜನವರೀಲಿ ಆಕಾಶ ತಿಳಿಯಾಗಿ ನಕ್ಷತ್ರ ಚೆನ್ನಾಗಿ ಕಾಣೋ ರಾತ್ರಿ ಗಡಗಡ ಚಳಿ, ಬೆಳಗ್ಗೆ ಹುಲ್ಲಿನ ಮೇಲೆಲ್ಲಾ ಇಬ್ಬನಿ. ಅದೇ ತಿಂಗಳಲ್ಲಿ ಮೋಡ ಮುಚ್ಕೊಂಡ ರಾತ್ರಿ ಚಳಿ ಕಮ್ಮಿ, ಇಬ್ಬನೀನೂ ಇಲ್ಲ. ರಾತ್ರಿ ಸೂರ್ಯ ಎಲ್ಲಿದ್ದಾನೆ? ಹಾಗಾದ್ರೆ ಆ ಬೆಚ್ಚಗಿನದು ಎಲ್ಲಿಂದ ಬಂತು? ಹಗಲು ಕಾದ ನೆಲ ರಾತ್ರಿ ಶಾಖ ಬಿಡುತ್ತೆ, ಮೋಡ ಅದನ್ನ ಹಿಡಿದು ಒಂದಷ್ಟನ್ನ ವಾಪಸ್ ಕೆಳಗೆ ಕಳಿಸುತ್ತೆ. ಕಂಬಳಿ ಅಂತ ನಾವು ಹೇಳ್ತೀವಲ್ಲ, ಆ ಕಂಬಳೀನ ಅವ್ರು ಆಗ್ಲೇ ಹೊದ್ದು ನೋಡಿರ್ತಾರೆ. ಈ ಕಂಬಳಿ ಇಲ್ದೇ ಇದ್ರೆ ಭೂಮಿಯ ಸರಾಸರಿ ತಾಪ ಸುಮಾರು ಮೈನಸ್ 18 ಡಿಗ್ರಿ ಇರ್ತಿತ್ತು, ಈಗ 15ರ ಹತ್ರ ಇದೆ. ಅಂದ್ರೆ ಸಿಓಟು ಖಳನಾಯಕ ಅಲ್ಲ, ಅದಿಲ್ದೆ ನಾವಿಲ್ಲ, ತಕರಾರು ಇರೋದು ಕಂಬಳಿ ಮೇಲೆ ಕಂಬಳಿ ಹೊದಿಸ್ತಾ ಇರೋದಕ್ಕೆ. "ಗಿಡಕ್ಕೆ ಊಟ ಅಲ್ವಾ" ಅಂದ ಹುಡುಗನಿಗೂ ಇದೇ ಉತ್ತರ, ಊಟ ಹೌದು, ಆದ್ರೆ ಗಿಡಕ್ಕೆ ಸಿಓಟು ಒಂದೇ ಸಾಕಾ, ಹೊತ್ತಿಗೆ ಸರಿಯಾಗಿ ನೀರು ಬೇಡ್ವಾ? ತೆಂಗಿನ ತೋಟ ಇರೋ ಮನೆ ಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಓಝೋನ್ ಗೊಂದಲಕ್ಕೆ ತಪ್ಪು ಮಕ್ಕಳದ್ದಲ್ಲ. ಹತ್ತನೇ ಕ್ಲಾಸಲ್ಲಿ ಓಝೋನ್ ಪದರ ಪಾಠದಲ್ಲೇ ಬರುತ್ತೆ, "ಪರಿಸರ ಹಾಳು" ಅನ್ನೋ ಒಂದೇ ಡಬ್ಬಕ್ಕೆ ಎರಡನ್ನೂ ತುಂಬ್ಕೋತಾರೆ. ಎರಡೇ ವಾಕ್ಯದಲ್ಲಿ ಬಿಡಿಸಿ: ಓಝೋನ್ ತೆಳುವಾಗಿದ್ದು ಫ್ರಿಜ್ಜು, ಸ್ಪ್ರೇ ಡಬ್ಬಿಗಳ ಸಿಎಫ್‌ಸಿ ಅನಿಲದಿಂದ, ಅದರಿಂದ ಜಾಸ್ತಿ ಆಗೋದು ಚರ್ಮಕ್ಕೆ ಹಾನಿ ಮಾಡೋ ನೇರಳಾತೀತ ಕಿರಣ. 1987ರ ಮಾಂಟ್ರಿಯಲ್ ಒಪ್ಪಂದ ಆದ್ಮೇಲೆ ಆ ಅನಿಲಗಳು ಬಂದ್ ಆಗಿ ಪದರ ನಿಧಾನಕ್ಕೆ ಸುಧಾರಿಸ್ತಿದೆ, ಆದ್ರೂ ಭೂಮಿ ಬಿಸಿ ಆಗ್ತಾನೇ ಇದೆ, ಅಂದ್ಮೇಲೆ ಕಾರಣ ಅದಲ್ಲ. ಬೋರ್ಡಲ್ಲಿ ಚಿತ್ರ ಬರೆಯುವಾಗ ಒಳಗೆ ಬರೋ ಬಾಣ ಒಂದು ಬಣ್ಣದ ಚಾಕ್‌ಪೀಸಲ್ಲಿ, ಆಚೆ ಹೋಗೋ ಬಾಣ ಇನ್ನೊಂದು ಬಣ್ಣದಲ್ಲಿ ಬರೀರಿ. ಓಝೋನ್ ಕಥೆ ಒಳಗೆ ಬರೋ ಬಾಣದ್ದು, ನಮ್ಮದು ಆಚೆ ಹೋಗೋ ಬಾಣದ್ದು.

ಈಗ ಪಾಠದ ಹೊಟ್ಟೆ ಭಾಗಕ್ಕೆ ಬರೋಣ. ನನ್ನ ಅಭಿಪ್ರಾಯ ಏನು ಅಂದ್ರೆ, ಮಕ್ಕಳಿಗೆ "ಸಿಓಟು ಜಾಸ್ತಿ ಆಗ್ತಿದೆ" ಅಂತ ನಾವು ಹೇಳೋದು ದಂಡ, ಅಂಕಿ ಕೊಟ್ಟು ಗ್ರಾಫ್ ಶೀಟ್ ಕೊಟ್ಟು ಸುಮ್ನಿದ್ಬಿಡ್ಬೇಕು, ಅವ್ರೇ ನಮಗೆ ಹೇಳ್ತಾರೆ. ಹವಾಯಿಯ ಮೌನಾ ಲೋವಾ ಅನ್ನೋ ಜ್ವಾಲಾಮುಖಿ ಬೆಟ್ಟದ ಮೇಲೆ, ಸುಮಾರು 3,400 ಮೀಟರ್ ಎತ್ತರದಲ್ಲಿ, ಅಂದ್ರೆ ನಮ್ಮ ಮುಳ್ಳಯ್ಯನಗಿರಿಗಿಂತ ಹೆಚ್ಚುಕಮ್ಮಿ ಒಂದೂವರೆ ಸಾವಿರ ಮೀಟರ್ ಮೇಲೆ, ಚಾರ್ಲ್ಸ್ ಡೇವಿಡ್ ಕೀಲಿಂಗ್ ಅನ್ನೋರು 1958ರ ಮಾರ್ಚಲ್ಲಿ ಅಳೆಯೋಕೆ ಶುರು ಮಾಡಿದ್ರು. ಮೊದಲ ರೀಡಿಂಗು 313 ಪಿಪಿಎಂ ಆಸುಪಾಸು. ಅವರು 2005ರಲ್ಲಿ ತೀರ್ಕೊಂಡ್ರು, ಈಗ ಮಗ ರಾಲ್ಫ್ ಕೀಲಿಂಗ್ ಮುಂದುವರಿಸ್ತಿದ್ದಾರೆ. ಅಪ್ಪ ಶುರು ಮಾಡಿದ ಲೆಕ್ಕದ ಪುಸ್ತಕ ಮಗ ಬರೀತಿರೋದು ಅಂದ್ರೆ ಅಂಗಡಿ ಮನೆ ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತೆ.

ವರ್ಷದ ಸರಾಸರಿ, ಹತ್ತಿರದ ಪೂರ್ಣಸಂಖ್ಯೆಗೆ ತಂದು, ಹೀಗೆ ಬೋರ್ಡ್ ಮೇಲೆ ಬರೀರಿ: 1960ರಲ್ಲಿ 317, 1970ರಲ್ಲಿ 326, 1980ರಲ್ಲಿ 339, 1990ರಲ್ಲಿ 354, 2000ದಲ್ಲಿ 370, 2010ರಲ್ಲಿ 390, 2020ರಲ್ಲಿ 414, 2024ರಲ್ಲಿ 425ರ ಹತ್ರ. ಏಳೆಂಟು ಚುಕ್ಕಿ, ಹದಿನೈದು ನಿಮಿಷದ ಕೆಲಸ. ಚುಕ್ಕಿ ಸೇರಿಸಿದ ಮೇಲೆ "ಹತ್ತತ್ತು ವರ್ಷಕ್ಕೆ ಎಷ್ಟೆಷ್ಟು ಏರಿದೆ, ಕಳೆದು ನೋಡಿ" ಅನ್ನಿ, 9, 13, 15, 16, 20, 24 ಅಂತ ಬರುತ್ತೆ. ಇಲ್ಲಿ ಅವಸರ ಮಾಡ್ಬೇಡಿ. ಏರ್ತಿದೆ ಅನ್ನೋದು ಒಂದು ವಿಷಯ, ಏರೋ ಸ್ಪೀಡೂ ಏರ್ತಿದೆ ಅನ್ನೋದು ಇನ್ನೊಂದು, ಎರಡನೇದನ್ನ ಯಾರಾದ್ರೂ ಒಬ್ಬ ಹುಡುಗಿ ತಾನಾಗೇ ಕಂಡುಹಿಡಿದು "ಮಿಸ್ ಇದು ನೇರ ಗೆರೆ ಅಲ್ಲ, ಬಾಗಿದೆ" ಅಂದಾಗ ಕ್ಲಾಸಲ್ಲಿ ಆಗೋ ಬದಲಾವಣೆ ಇದ್ಯಲ್ಲ, ನೀವು ಹತ್ತು ಸಲ ಅದನ್ನೇ ಹೇಳಿದ್ರೂ ಆಗಲ್ಲ. ಹುಷಾರು ಮಕ್ಕಳಿಗೆ ತಿಂಗಳ ಅಂಕಿ ಕೊಡಿ, ನೆಟ್ಟಲ್ಲಿ ಫ್ರೀ ಸಿಗುತ್ತೆ. ಅದರಲ್ಲಿ ಗೆರೆ ಗರಗಸದ ಹಲ್ಲಿನ ಥರ ಬರುತ್ತೆ, ಪ್ರತಿ ವರ್ಷ ಮೇ ತಿಂಗಳಲ್ಲಿ ಮೇಲೆ, ಸೆಪ್ಟೆಂಬರ್ ಅಕ್ಟೋಬರಲ್ಲಿ ಕೆಳಗೆ, ಆರೇಳು ಪಿಪಿಎಂ ವ್ಯತ್ಯಾಸ. ಯಾಕೆ? ಭೂಮಿಯ ನೆಲ ಜಾಸ್ತಿ ಇರೋದು ಉತ್ತರಾರ್ಧದಲ್ಲಿ, ರಷ್ಯಾ, ಕೆನಡಾ ಕಡೆ ಕಾಡೆಲ್ಲಾ ಅಲ್ಲಿನ ಬೇಸಿಗೇಲಿ (ಜೂನ್‌ನಿಂದ ಆಗಸ್ಟ್) ಚಿಗುರಿ ಸಿಓಟು ಎಳ್ಕೊಳ್ಳುತ್ತೆ, ಚಳಿಗಾಲಕ್ಕೆ ಎಲೆ ಉದುರಿ ಕೊಳೆತು ವಾಪಸ್ ಬಿಡುತ್ತೆ. ಇಡೀ ಭೂಮಿ ವರ್ಷಕ್ಕೊಂದ್ಸಲ ಉಸಿರಾಡೋದು ಗ್ರಾಫಲ್ಲಿ ಕಾಣುತ್ತೆ. ದಕ್ಷಿಣ ಧ್ರುವದ ಅಳತೇಲಿ ಈ ಹಲ್ಲು ತೀರಾ ಸಣ್ಣದು.

"ಜ್ವಾಲಾಮುಖಿ ಮೇಲೆ ಅಳೆದ್ರೆ ಅದರ ಹೊಗೇನೇ ಬರಲ್ವಾ" ಅಂತ ಕೇಳೇ ಕೇಳ್ತಾರೆ, ನನಗೆ ಪ್ರತಿ ಸಲ ಕೇಳಿದ್ದಾರೆ. ಬೆಟ್ಟದ ಬಾಯಿ ಕಡೆಯಿಂದ ಗಾಳಿ ಬೀಸಿದಾಗ ರೀಡಿಂಗು ಒಮ್ಮೆಲೇ ಎಗರುತ್ತೆ, ಕುಣಿಯುತ್ತೆ, ಅದನ್ನ ಗುರುತಿಸಿ ಬಿಡ್ತಾರೆ, ಸಮುದ್ರದ ಮೇಲಿಂದ ಬಂದ ಶುದ್ಧ ಗಾಳಿ ರೀಡಿಂಗ್ ಮಾತ್ರ ಇಟ್ಕೋತಾರೆ. 2022ರ ನವೆಂಬರಲ್ಲಿ ಆ ಬೆಟ್ಟ ಸಿಡಿದು ರಸ್ತೆ ಕರೆಂಟು ಎರಡೂ ಹೋದಾಗ ಪಕ್ಕದ ಮೌನಾ ಕಿಯಾ ಬೆಟ್ಟದ ಮೇಲೆ ಅಳತೆ ಮುಂದುವರಿಸಿದ್ರು. ಪ್ರಪಂಚದ ಎಲ್ಲಾ ಜ್ವಾಲಾಮುಖಿ ಸೇರ್ಸಿದ್ರೂ ವರ್ಷಕ್ಕೆ ಮನುಷ್ಯರು ಬಿಡೋದ್ರಲ್ಲಿ ಒಂದು ಪರ್ಸೆಂಟೂ ಇಲ್ಲ. ಇನ್ನೊಂದು ವಿಷಯ ನಂಗೆ ತುಂಬಾ ಇಷ್ಟ, ಕೀಲಿಂಗ್ ಬಳಸಿದ ಯಂತ್ರ ಕೆಲಸ ಮಾಡ್ತಿದ್ದಿದ್ದು ಹೇಗೆ ಗೊತ್ತಾ? ಗಾಳಿ ಮೂಲಕ ಅವಕೆಂಪು ಕಿರಣ ಹಾಯಿಸಿ, ಸಿಓಟು ಎಷ್ಟು ನುಂಗ್ತು ಅಂತ ನೋಡಿ. ಅಂದ್ರೆ ಸಿಓಟು ಶಾಖದ ಕಿರಣ ನುಂಗಲ್ಲ ಅನ್ನೋದಾದ್ರೆ ಆ ಮೀಟರ್ರೇ ಓಡ್ತಿರ್ಲಿಲ್ಲ. ವಾದ ಮಾಡೋರಿಗೆ ನಾನು ಕೊಡೋ ಉತ್ತರ ಇದೇ.

ಈಗ ಅದೇ ತತ್ವದ ಸಣ್ಣ ಮೀಟರ್ ಆನ್‌ಲೈನಲ್ಲಿ ಕೆಲವು ಸಾವಿರ ರೂಪಾಯಿಗೆ ಸಿಗುತ್ತೆ, ಎಸ್‌ಡಿಎಂಸಿಯವ್ರು (ಶಾಲಾಭಿವೃದ್ಧಿ ಸಮಿತಿ) ಅಥವಾ ಹಳೇ ವಿದ್ಯಾರ್ಥಿಗಳು ಯಾರಾದ್ರೂ ಕೊಡಿಸಿದ್ರೆ ತಗೊಳ್ಳಿ. ಎನ್‌ಡಿಐಆರ್ ಸೆನ್ಸರ್ (ಅವಕೆಂಪು ಕಿರಣದಿಂದ ಅಳೆಯೋದು) ಅಂತ ಬರೆದಿರಬೇಕು, ಅದಿಲ್ಲದ ಅಗ್ಗದ ಮಾಲು ಬೇರೆ ಅನಿಲ ನೋಡಿ ಸಿಓಟು ಅಂದಾಜು ಹೊಡೆಯುತ್ತೆ, ನಂಬೋಕಾಗಲ್ಲ. ಕಿಟಕಿ ಬಾಗಿಲು ಹಾಕಿ ಐವತ್ತು ಮಕ್ಕಳನ್ನ ಕೂರಿಸಿದ್ರೆ ಅರ್ಧ ಗಂಟೇಲಿ ನಂಬರ್ ಸಾವಿರ ದಾಟೋದು ಕಣ್ಣೆದುರೇ ಕಾಣುತ್ತೆ, ಬಾಗಿಲು ತೆಗೆದ್ರೆ ಸರಸರ ಇಳಿಯುತ್ತೆ. ಮೀಟರ್ ಇಲ್ಲ ಅಂದ್ರೂ ಚಿಂತೆ ಇಲ್ಲ, ಎಲೆ ಅಡಿಕೆ ಸುಣ್ಣ ಸಾಕು. ಒಂದು ಚಮಚ ಸುಣ್ಣ ನೀರಿಗೆ ಕದಡಿ ಬಾಟಲಿ ಮುಚ್ಚಿ ರಾತ್ರಿ ಇಡಿ, ಬೆಳಗ್ಗೆ ಮೇಲಿನ ತಿಳಿ ಮಾತ್ರ ಬಗ್ಗಿಸ್ಕೊಳ್ಳಿ. ಸ್ಟ್ರಾ ಹಾಕಿ ಊದಿದ್ರೆ ಉಸಿರಲ್ಲಿರೋ ಸಿಓಟಿಂದ ಹಾಲಿನ ಥರ ಬೆಳ್ಳಗಾಗುತ್ತೆ, ಇದು ನಿಮಗೆ ಗೊತ್ತಿರೋದೇ. ಗೊತ್ತಿಲ್ದೇ ಇರ್ಬಹುದಾದ್ದು, ಸ್ವಲ್ಪ ತಿಳಿನೀರನ್ನ ತಟ್ಟೇಲಿ ಬಿಟ್ಟು ಸುಮ್ನೆ ಇಟ್ರೆ ಯಾರೂ ಊದದೇ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತೆ, ಅದು ಕ್ಲಾಸಿನ ಗಾಳೀಲಿರೋ ಸಿಓಟು ಕಟ್ಟಿದ ಕೆನೆ. ಊದಬೇಕೇ ಹೊರತು ಹೀರಬಾರದು ಅಂತ ಮೂರು ಸಲ ಹೇಳಿ, ಕಣ್ಣಿಗೆ ಬಿದ್ರೆ ಸುಡುತ್ತೆ, ಕೀಟಲೆ ಮಾಡೋ ಹುಡುಗ್ರಿಗೆ ಬಾಟಲಿ ಕೊಡ್ಬೇಡಿ.

ಉಸಿರಿನ ಪ್ರಯೋಗ ಮಾಡಿದ ತಕ್ಷಣ ಒಂದು ಹೊಸ ತಪ್ಪು ಹುಟ್ಕೊಳ್ಳುತ್ತೆ, "ಜನಸಂಖ್ಯೆ ಜಾಸ್ತಿ ಆಗಿ, ಎಲ್ರೂ ಉಸಿರು ಬಿಟ್ಟು ಸಿಓಟು ಜಾಸ್ತಿ ಆಗ್ತಿದೆ" ಅಂತ. ಅದನ್ನ ಅಲ್ಲೇ ಚಿವುಟಿ. ನಾವು ಬಿಡೋ ಕಾರ್ಬನ್ ನಾವು ತಿಂದ ರಾಗಿ ಮುದ್ದೆಯಿಂದ ಬಂದಿದ್ದು, ರಾಗಿ ಅದನ್ನ ಹೋದ ವರ್ಷ ಗಾಳಿಯಿಂದಲೇ ತಗೊಂಡಿದ್ದು. ಒಂದು ಜೇಬಿಂದ ತೆಗೆದು ಇನ್ನೊಂದು ಜೇಬಿಗೆ. ಹಿಂದೆ ಒಬ್ಬ ಹುಡುಗಿ ನನ್ನ ಕೇಳಿದ್ಲು, "ನಮ್ಮಜ್ಜಿ ತೆಂಗಿನ ಗರಿ ಹಾಕಿ ಹಂಡೇಲಿ ನೀರು ಕಾಯಿಸ್ತಾರೆ, ಅದು ತಪ್ಪಾ?" ಪಾಪ, ಅಜ್ಜಿ ಮೇಲೆ ಕೇಸ್ ಹಾಕ್ತೀವೇನೋ ಅನ್ನೋ ಮುಖ ಮಾಡಿದ್ಲು. ಆ ಗರಿಯ ಕಾರ್ಬನ್ನೂ ಎರಡು ಮೂರು ವರ್ಷದ ಹಿಂದೆ ಗಾಳೀಲಿದ್ದಿದ್ದೇ, ಸುಟ್ರೆ ವಾಪಸ್ ಹೋಯ್ತು, ಸುಡದೆ ತೋಟದಲ್ಲಿ ಕೊಳೆತ್ರೂ ಬಹುಪಾಲು ವಾಪಸ್ ಹೋಗ್ತಿತ್ತು (ಹೊಗೆ ಅಜ್ಜಿ ಕಣ್ಣಿಗೆ, ಶ್ವಾಸಕೋಶಕ್ಕೆ ಕೆಟ್ಟದ್ದೇ, ಅದು ಬೇರೆ ಪಾಠ). ರಾಯಚೂರು ಥರ್ಮಲ್‌ನಲ್ಲಿ ಉರಿಯೋ ಕಲ್ಲಿದ್ದಲು ಹಂಗಲ್ಲ. ಅದು ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಕಾರ್ಬನ್ನು, ಈಗಿನ ಲೆಕ್ಕದಲ್ಲೇ ಇಲ್ಲದ್ದು, ಅದನ್ನ ತಂದು ನಾವು ಹೊಸದಾಗಿ ಸೇರಿಸ್ತಿದ್ದೀವಿ. ಜೇಬಿನ ದುಡ್ಡು ತಿರುಗಿಸೋದಕ್ಕೂ, ನಿಧಿ ಅಗೆದು ತಂದು ಸಂತೇಲಿ ಸುರಿಯೋದಕ್ಕೂ ಇರೋ ವ್ಯತ್ಯಾಸ.

"ಸೇರಿದ್ದು ಕಲ್ಲಿದ್ದಲಿಂದೇ ಅಂತ ಹೇಗೆ ಗೊತ್ತು, ಸಿಓಟು ಮೇಲೆ ಹೆಸರು ಬರೆದಿರುತ್ತಾ" ಅಂದ್ರೆ, ಹೆಚ್ಚುಕಮ್ಮಿ ಬರೆದಿರುತ್ತೆ. ಸಮಸ್ಥಾನಿ (ಐಸೋಟೋಪ್, ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಅಂತ ಒಂಬತ್ತನೇ ಕ್ಲಾಸಲ್ಲಿ ಓದ್ತಾರಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತೆ. ಕಾರ್ಬನ್ನಿನ ಒಂದು ಸಮಸ್ಥಾನಿ ಕಾರ್ಬನ್-14 ಪ್ರತಿ 5,730 ವರ್ಷಕ್ಕೆ ಅರ್ಧ ಆಗ್ತಾ ಹೋಗುತ್ತೆ, ಕೋಟ್ಯಂತರ ವರ್ಷದ ಕಲ್ಲಿದ್ದಲು, ಪೆಟ್ರೋಲಲ್ಲಿ ಅದು ಒಂಚೂರೂ ಉಳಿದಿರಲ್ಲ. ಕಾರ್ಬನ್-14 ಇಲ್ಲದ ಸಿಓಟು ಬೆರೆತು ಬೆರೆತು ಗಾಳೀಲಿ ಅದರ ಪ್ರಮಾಣ ತೆಳುವಾಗಿದೆ, ಹಾಲಿಗೆ ನೀರು ಬೆರೆಸಿದ್ದು ಲ್ಯಾಕ್ಟೋಮೀಟರಲ್ಲಿ ಸಿಕ್ಕಿಬೀಳೋ ಹಾಗೆ. ಮೇಲಾಗಿ ಗಾಳೀಲಿ ಆಕ್ಸಿಜನ್ನೂ ಒಂಚೂರು ಒಂಚೂರೇ ಕಮ್ಮಿ ಆಗ್ತಿದೆ, ಉರಿದ್ರೆ ಆಕ್ಸಿಜನ್ ಖರ್ಚಾಗ್ಲೇಬೇಕಲ್ಲ. ಅದು ಉಸಿರಾಟಕ್ಕೆ ತೊಂದರೆ ಆಗೋಷ್ಟಲ್ಲ, ಹೆದರಿಸ್ಬೇಡಿ. ಸೂರ್ಯನೇ ಜಾಸ್ತಿ ಉರೀತಿದ್ದಾನೆ ಅನ್ನೋರಿಗೂ ಉತ್ತರ ಇದೆ, ಸೂರ್ಯ ಕಾರಣ ಆಗಿದ್ರೆ ವಾತಾವರಣದ ಮೇಲಿನ ಪದರ ಕೆಳಗಿನ ಪದರ ಎರಡೂ ಕಾಯ್ಬೇಕಿತ್ತು, ಆದ್ರೆ ಕೆಳಗೆ ಬಿಸಿ ಆಗ್ತಿದೆ, ಮೇಲಿನ ಸ್ತರಗೋಳ ತಣ್ಣಗಾಗ್ತಿದೆ.

ಒಂಬತ್ತನೇ ಕ್ಲಾಸಿಗೆ ಮೋಲ್ ಲೆಕ್ಕ ಆಗಿದ್ರೆ ಇದೊಂದು ಕೊಡಿ, ಮಕ್ಕಳು ಜಗಳಕ್ಕೆ ಬರ್ತಾರೆ. ಒಂದು ಲೀಟರ್ ಪೆಟ್ರೋಲ್ ತೂಕ ಮುಕ್ಕಾಲು ಕೆಜಿ ಕೂಡ ಸರಿಯಾಗಿ ಇಲ್ಲ, ಅದು ಉರಿದ್ರೆ ಬರೋ ಸಿಓಟು ಸುಮಾರು 2.3 ಕೆಜಿ. ಎಲ್ಲಿಂದ ಬಂತು ಎಕ್ಸ್‌ಟ್ರಾ ತೂಕ? 12 ತೂಕದ ಕಾರ್ಬನ್ನಿಗೆ ಗಾಳಿಯಿಂದ 32 ತೂಕದ ಆಕ್ಸಿಜನ್ ಅಂಟ್ಕೊಂಡು 44 ಆಗುತ್ತೆ. ಲೀಟರಿಗೆ 50 ಕಿಲೋಮೀಟರ್ ಕೊಡೋ ಬೈಕಲ್ಲಿ ಅಪ್ಪ ದಿನಾ 20 ಕಿಲೋಮೀಟರ್ ಓಡಾಡಿದ್ರೆ ದಿನಕ್ಕೆ 900 ಗ್ರಾಂ ಮೇಲೆ, ವರ್ಷಕ್ಕೆ 330 ಕೆಜಿ ಚಿಲ್ರೆ. ಬೆಳೆಯೋ ಒಂದು ಮರ ವರ್ಷಕ್ಕೆ 20 ಕೆಜಿ ಹೀರುತ್ತೆ ಅಂತ ಸಾಮಾನ್ಯವಾಗಿ ಲೆಕ್ಕ ಹಿಡೀತಾರೆ, ಜಾತಿ, ಮಣ್ಣು, ವಯಸ್ಸು ನೋಡ್ಕೊಂಡು ತುಂಬಾ ಹೆಚ್ಚುಕಮ್ಮಿ ಆಗುತ್ತೆ. ಹಂಗಾದ್ರೆ ಒಂದು ಬೈಕಿಗೆ ಎಷ್ಟು ಮರ? ಈ ಲೆಕ್ಕ ಮಾಡಿಸಿದ್ರೆ "ಗಿಡ ನೆಟ್ರೆ ಎಲ್ಲಾ ಸರಿಹೋಗುತ್ತೆ" ಅನ್ನೋ ಪ್ರಬಂಧದ ಕೊನೇ ಸಾಲು ತಾನಾಗೇ ಬಿದ್ದು ಹೋಗುತ್ತೆ. ಗಿಡ ನೆಡ್ಬೇಡಿ ಅಂತಲ್ಲ, ನೆರಳಿಗೆ, ಮಣ್ಣಿಗೆ, ಹಕ್ಕಿಗೆ ನೆಡಿ. ಆದ್ರೆ ಜೂನ್ 5ರ ಪರಿಸರ ದಿನಕ್ಕೆ ಹೋದ ವರ್ಷದ ಗುಂಡಿಗೇ ಈ ವರ್ಷದ ಸಸಿ ಇಟ್ಟು ಫೋಟೋ ತೆಗೆಸ್ಕೊಳ್ಳೋದನ್ನ ಮಕ್ಕಳು ನೋಡ್ತಾನೇ ಇರ್ತಾರೆ, ಅವ್ರೇನು ದಡ್ರಲ್ಲ.

ಒಂದು ಹೋಲಿಕೆ ಮಾತ್ರ ಬಿಡ್ಬೇಡಿ, ಸ್ಕೂಲಿನ ನೀರಿನ ಟ್ಯಾಂಕು. ಮೇಲಿನ ನಲ್ಲಿ ನಿಮಿಷಕ್ಕೆ 10 ಲೀಟರ್ ಬಿಡ್ತಿದೆ, ಕೆಳಗಿನ ಪೈಪಲ್ಲಿ 5 ಲೀಟರ್ ಹೋಗ್ತಿದೆ. ಈಗ ಮೇಲಿನದನ್ನ 9ಕ್ಕೆ ಇಳಿಸಿದ್ವಿ, ನೀರಿನ ಮಟ್ಟ ಏನಾಗುತ್ತೆ? ಕ್ಲಾಸಿನ ಮುಕ್ಕಾಲು ಭಾಗ "ಇಳಿಯುತ್ತೆ" ಅನ್ನುತ್ತೆ, ಶಿಕ್ಷಕರ ತರಬೇತೀಲೂ ಹಂಗೇ ಅಂದಿದ್ದಾರೆ, ಬೇಜಾರು ಮಾಡ್ಕೋಬೇಡಿ. ಇಳಿಯಲ್ಲ, ಏರ್ತಾನೇ ಇರುತ್ತೆ, ಸ್ವಲ್ಪ ನಿಧಾನಕ್ಕೆ. ಗಾಳೀದೂ ಇದೇ ಲೆಕ್ಕ, ನಾವು ಬಿಡೋದರಲ್ಲಿ ಹೆಚ್ಚುಕಮ್ಮಿ ಅರ್ಧ ಸಮುದ್ರ, ಕಾಡು, ಮಣ್ಣು ಸೇರಿ ಎಳ್ಕೊಳ್ತಿವೆ, ಉಳಿದರ್ಧ ಟ್ಯಾಂಕಲ್ಲೇ ನಿಲ್ತಿದೆ. ಲಾಕ್‌ಡೌನ್ ನೆನಪು ಮಾಡ್ಸಿ, ಬಸ್ಸಿಲ್ಲ ಕಾರಿಲ್ಲ ಫ್ಯಾಕ್ಟರಿ ಇಲ್ಲ, 2020ರಲ್ಲಿ ಇಡೀ ಪ್ರಪಂಚದಲ್ಲಿ ಪಳೆಯುಳಿಕೆ ಇಂಧನದ ಸಿಓಟು ಸುಮಾರು 5 ಪರ್ಸೆಂಟ್ ಕಮ್ಮಿ ಆಯ್ತು. ಅವ್ರು ಬರೆದ ಗ್ರಾಫಲ್ಲಿ 2020 ಎಲ್ಲಿದೆ, ಅಲ್ಲಿ ಹಳ್ಳ ಇದ್ಯಾ? ಇಲ್ಲ. 414 ಇದ್ದಿದ್ದು ಮುಂದಿನ ವರ್ಷ 416 ಆಯ್ತು. ಟ್ಯಾಂಕ್ ಅರ್ಥ ಆದ ಮಗುವಿಗೆ ಇದು ಆಶ್ಚರ್ಯ ಅನ್ಸಲ್ಲ, ಅರ್ಥ ಆಗದ ದೊಡ್ಡೋರಿಗೆ ಈಗ್ಲೂ ಆಶ್ಚರ್ಯ. ನನ್ನ ಕೇಳಿದ್ರೆ ಇಡೀ ವಿಷಯದಲ್ಲಿ ಹೈಸ್ಕೂಲ್ ಮಗು ಒಂದೇ ಒಂದು ಕಲೀಬೇಕು ಅಂದ್ರೆ ಇದನ್ನ, ಹಸಿರುಮನೆ ಪರಿಣಾಮದ ವ್ಯಾಖ್ಯೆ ಬಾಯಿಪಾಠ ಬರ್ದಿದ್ರೂ ಪರವಾಗಿಲ್ಲ.

"ಮೊದಲೂ ಹವಾಮಾನ ಬದಲಾಗಿತ್ತಲ್ಲ" ಅನ್ನೋದಕ್ಕೆ ಅಂಟಾರ್ಕ್ಟಿಕಾದ ಮಂಜುಗಡ್ಡೆ ಕಥೆ ಹೇಳಿ. ಮೂರು ಕಿಲೋಮೀಟರ್ ಆಳ ಕೊರೆದು ತೆಗೆದ ಮಂಜಿನ ಗುಳ್ಳೆಯಲ್ಲಿ ಎಂಟು ಲಕ್ಷ ವರ್ಷದ ಹಳೇ ಗಾಳಿ ಸಿಕ್ಕಿದೆ, ಅಷ್ಟೂ ಕಾಲ ಸಿಓಟು ಸುಮಾರು 170ರಿಂದ 300ರ ಒಳಗೇ ಏರಿಳಿದಿದೆ, ಈಗಿನ 425 ಆ ಪಟ್ಟೀಲೇ ಇಲ್ಲ. ಅದೇ ಗ್ರಾಫ್ ಹಾಳೆ ಎಡಕ್ಕೆ ಅಂಟಿಸ್ತಾ ಹೋದ್ರೆ ಎಷ್ಟು ಉದ್ದ ಆಗ್ಬೇಕು ಅಂತ ಲೆಕ್ಕ ಹಾಕ್ಸಿ, ಹತ್ತು ವರ್ಷಕ್ಕೆ ಒಂದು ಸೆಂಟಿಮೀಟರ್ ಅಂದ್ರೆ 800 ಮೀಟರ್, ಸ್ಕೂಲ್ ಗೇಟು ದಾಟಿ ಊರೊಳಗೆ ಹೋಗುತ್ತೆ.

ಮನೆಗೆ ಕೊಡೋ ಕೆಲಸ ಕೇಳಿದ್ರೆ ಚಾರ್ಟ್ ಬೇಡ, ದಯವಿಟ್ಟು ಥರ್ಮೋಕೋಲ್ ಭೂಮಿಗೆ ಬೆಂಕಿ ಹಚ್ಚೋ ಮಾಡೆಲ್ ಅಂತೂ ಬೇಡ್ವೇ ಬೇಡ. ಅಜ್ಜ ಅಜ್ಜೀನ ಕೂರಿಸ್ಕೊಂಡು ಮಳೆ ನಕ್ಷತ್ರ ಕೇಳ್ಕೊಂಡು ಬರ್ಲಿ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಯಾವ ಮಳೆಗೆ ಏನು ಬಿತ್ತುತ್ತಿದ್ರು, ಈಗ ಏನು ಬದಲಾಗಿದೆ. ನೋಟ್‌ಬುಕ್ ತುಂಬಾ ಬರುತ್ತೆ. ಆಮೇಲೆ ನಿಜವಾದ ವಿಜ್ಞಾನ ಶುರು, ನೆನಪಿಗೂ ಅಳತೆಗೂ ತಾಳೆ ಹಾಕ್ಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವ್ರು ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮಳೆ ಮಾಪಕ ಹಾಕಿದ್ದಾರೆ, ಇತ್ತೀಚಿನ ಅಂಕಿ ಅಲ್ಲಿ ಸಿಗುತ್ತೆ, ಹಳೇದಕ್ಕೆ ತಾಲ್ಲೂಕಿನ ಮಳೆ ದಾಖಲೆ. ಅಜ್ಜನ ನೆನಪು ಕೆಲವು ಕಡೆ ಸರಿ ಇರುತ್ತೆ, ಕೆಲವು ಕಡೆ ಬರಗಾಲದ ಒಂದು ವರ್ಷ ಇಡೀ ದಶಕದ ಮೇಲೆ ಕೂತಿರುತ್ತೆ. ಎರಡೂ ಮಕ್ಕಳಿಗೆ ಗೊತ್ತಾಗ್ಲಿ, ಅಜ್ಜನಿಗೆ ಅವಮಾನ ಆಗದ ಹಾಗೆ. ಒಂದು ವರ್ಷ ಮಳೆ ಕೈಕೊಟ್ರೆ ಅದು ಹವಾಮಾನ ಬದಲಾವಣೆ ಅಂತ ನೀವೂ ಹೇಳ್ಬೇಡಿ, ಎಲ್ ನಿನೋ (ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಮುದ್ರದ ನೀರು ಬಿಸಿ ಆಗೋದು) ಥರದ ಕಾರಣನೂ ಇರ್ಬಹುದು, ಮೂವತ್ತು ವರ್ಷದ ಸರಾಸರಿ ನೋಡ್ಬೇಕು. ಭೌತವಿಜ್ಞಾನ ಖಚಿತವಾಗಿ ಹೇಳೋದು, ಗಾಳಿ ಒಂದು ಡಿಗ್ರಿ ಬಿಸಿ ಆದ್ರೆ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡಿಯಬಲ್ಲದು, ಅದಕ್ಕೇ ಸುರಿದ್ರೆ ಒಂದೇ ಸಲ ಜಾಸ್ತಿ ಸುರಿಯೋ ಸಂಭವ ಏರುತ್ತೆ. 2024ರಲ್ಲಿ ಭೂಮಿಯ ಸರಾಸರಿ ತಾಪ 1850-1900ರ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಮೇಲಿತ್ತು.

ಕೊನೇಗೆ ಯಾರಾದ್ರೂ "ಅಮೆರಿಕದವ್ರು ಮಾಡಿದ್ದಕ್ಕೆ ನಾವ್ಯಾಕೆ ಅನುಭವಿಸ್ಬೇಕು" ಅಂತಾರೆ, ನ್ಯಾಯವಾದ ಮಾತು, ಬಾಯಿ ಮುಚ್ಚಿಸ್ಬೇಡಿ. ತಲೆಗೆ ಲೆಕ್ಕ ಹಾಕಿದ್ರೆ ವರ್ಷಕ್ಕೆ ಬಿಡೋ ಸಿಓಟು ಭಾರತದವರು ಸುಮಾರು 2 ಟನ್, ಪ್ರಪಂಚದ ಸರಾಸರಿ 5ಕ್ಕಿಂತ ಸ್ವಲ್ಪ ಕಮ್ಮಿ, ಅಮೆರಿಕದವರು 14ರ ಆಸುಪಾಸು. ಇಡೀ ದೇಶದ ವರ್ಷದ ಲೆಕ್ಕದಲ್ಲಿ ನಾವು ಚೀನಾ, ಅಮೆರಿಕ ಆದ್ಮೇಲೆ ಮೂರನೇ ದೇಶ ಅನ್ನೋದೂ ನಿಜ. ಎರಡೂ ಅಂಕಿ ಬೋರ್ಡಲ್ಲಿ ಪಕ್ಕಪಕ್ಕ ಬರೆದು ಚರ್ಚೆಗೆ ಬಿಡಿ, ನೀವು ತೀರ್ಪು ಕೊಡ್ಬೇಡಿ. ಇನ್ನು "ಭೂಮಿ ಮುಳುಗಿ ಹೋಗುತ್ತಾ ಮಿಸ್" ಅಂತ ಸಣ್ಣ ದನೀಲಿ ಕೇಳೋ ಮಗು ಇರುತ್ತೆ, ಅದಕ್ಕೆ ಟ್ಯಾಂಕ್ ಚಿತ್ರಾನೇ ತೋರ್ಸಿ, ಮೇಲಿನ ನಲ್ಲಿ ತಿರುಗಿಸೋಕೆ ಬರುತ್ತೆ, ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ನಿಂತಿದ್ಯಲ್ಲ, ಅದು ನಿಮ್ಮ ಜಿಲ್ಲೇದೇ, ಅದೂ ನಲ್ಲಿ ತಿರುಗಿಸೋ ಒಂದು ಕೈ.

ಎರಡೇ ಪೀರಿಯಡ್ ಸಿಕ್ರೆ ಮೊದಲನೇದು ಬಕೆಟ್ಟು ಮತ್ತೆ ಮೋಡದ ರಾತ್ರಿ, ಎರಡನೇದು ಗ್ರಾಫು ಮತ್ತೆ ಟ್ಯಾಂಕು. ಮೂರನೇದು ಸಿಕ್ರೆ ಪೆಟ್ರೋಲ್ ಲೆಕ್ಕ, ಸುಣ್ಣದ ನೀರು. ನೀಲಿ ನೀರು ಚೆಲ್ಲೋಕೆ ಮುಂಚೆ ಮುಂದಿನ ಸೆಕ್ಷನ್ನಿಗೆ ಬೇಕಾ ನೋಡ್ಕೊಳ್ಳಿ, ಮತ್ತೆ ಯೂನಿಫಾರಂ ಮೇಲೆ ಬೀಳದ ಹಾಗೆ ಬಕೆಟ್ಟನ್ನ ಮೂಲೇಲಿಡಿ, ನಂಗೆ ಒಂದ್ಸಲ ಪೋಷಕರ ಹತ್ರ ಚೆನ್ನಾಗಿ ಮಂಗಳಾರತಿ ಆಗಿದೆ.